ಸಾಲದ ಮೊತ್ತ ಹೆಚ್ಚು ಬಂದದ್ದು ಹೇಗೆ? ಡೇಟಾಬೇಸ್ ಕಿಟಕಿಯ ಮುಂದೆ ಕೂತ ಲೆಕ್ಕಿಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಬಿ.ಕಾಂ. ಓದಿದವಳು. ಆರು ಶಾಖೆಗಳಿರುವ ಪತ್ತಿನ ಸಹಕಾರ ಸಂಘವೊಂದರಲ್ಲಿ ಒಂಬತ್ತು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ನಡೆಯುತ್ತದೆ. ಅದರಲ್ಲಿಲ್ಲದ ಒಂದು ವರದಿ ಬೇಕೆಂದರೆ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ ವಾರಗಟ್ಟಲೆ ಕಾಯಬೇಕು. ಅದಕ್ಕೇ ಕಾರ್ಯದರ್ಶಿಗಳು ಡೇಟಾಬೇಸಿನ ಸಕಲ ಅಧಿಕಾರವೂ ಇರುವ ರೂಟ್ ಪಾಸ್‌ವರ್ಡನ್ನು ನನಗೇ ಕೊಟ್ಟು, ಬೇಕಾದದ್ದನ್ನು ನೀವೇ ತೆಗೆದುಕೊಳ್ಳಿ ಎಂದರು. ಅಣ್ಣನ ಮಗ ಮೈಕ್ರೋಸಾಫ್ಟ್ ಆಕ್ಸೆಸ್‌ನಿಂದ ಸಂಪರ್ಕ ಮಾಡಿಕೊಟ್ಟ. ಟೇಬಲ್‌ಗಳನ್ನು ಎಳೆದು ತಂದು ಗೆರೆ ಜೋಡಿಸಿದರೆ ಸಾಕು, ಡೇಟಾಬೇಸಿಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆ ಕಲಿಯಲೇಬೇಕಿಲ್ಲ ಎನ್ನುತ್ತಾನೆ. ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಮಾತ್ರ, ಇಂಥ ಕಿಟಕಿಗಳೆಲ್ಲ ಅಪಾಯ, ಬಲ್ಲವರು ಕಪ್ಪು ಪರದೆಯಲ್ಲೇ ಆದೇಶ ಟೈಪ್ ಮಾಡುತ್ತಾರೆ ಎನ್ನುತ್ತಾರೆ. ಮೂರು ಸಂಗತಿ ನನ್ನ ನಿದ್ದೆ ಕೆಡಿಸಿವೆ. ಜಾಮೀನುದಾರರ ಸಮೇತ ಸಾಲದ ಪಟ್ಟಿ ತೆಗೆದರೆ ಒಟ್ಟು ಮೊತ್ತ ಸಾಫ್ಟ್‌ವೇರ್ ತೋರಿಸುವುದಕ್ಕಿಂತ ಬಹಳ ಹೆಚ್ಚು ಬಂತು. ಹತ್ತು ದಿನದ ಹಿಂದೆ ಒಬ್ಬ ಸದಸ್ಯರ ಸಾಲಿನಲ್ಲಿ ಕೈತಪ್ಪಿ ಏನೋ ಒತ್ತಿದೆ, ಸೇವ್ ಮಾಡದಿದ್ದರೂ ಅದು ಬದಲಾಗಿಬಿಟ್ಟಿದೆ, ಮೊದಲು ಏನಿತ್ತೋ ನೆನಪಿಲ್ಲ. ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿವೆ. ನಾನು ಇದನ್ನು ಮುಂದುವರಿಸಲೇ, ಬಿಡಲೇ?

ಉತ್ತರ: ಮುಂದುವರಿಸಿ. ಆದರೆ ಇವತ್ತಿನ ಹಾಗಲ್ಲ.

ನೀವು ಮೂರು ತೊಂದರೆ ಎಣಿಸಿದ್ದೀರಿ. ನನಗೆ ಕಂಡದ್ದು ನಾಲ್ಕು. ನಾಲ್ಕನೆಯದು ಪತ್ರದ ನಡುವೆ ಸಹಜವೆಂಬಂತೆ ಬಂದುಹೋದ ರೂಟ್ ಪಾಸ್‌ವರ್ಡ್. ಉಳಿದ ಮೂರಕ್ಕಿಂತ ಅದೇ ದೊಡ್ಡದು, ಅದರ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಕಾಯಲಾಗದ ಒಂದು ಕೆಲಸವಿದೆ.

ಕೈತಪ್ಪಿ ಬದಲಾದ ಆ ಸಾಲು. ಮೈಎಸ್‌ಕ್ಯೂಎಲ್ ತನ್ನೊಳಗೆ ಆಗುವ ಪ್ರತಿ ಬದಲಾವಣೆಯನ್ನೂ ಬೈನರಿ ಲಾಗ್ ಎಂಬ ಕಡತದಲ್ಲಿ ಬರೆದಿಡಬಲ್ಲದು. 8.0 ಆವೃತ್ತಿಯಿಂದ ಈಚೆಗೆ ಅದು ತಾನಾಗಿಯೇ ಚಾಲೂ ಇರುತ್ತದೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಬದಲಾದ ಸಾಲಿನ ಹಳೆಯ ರೂಪ, ಹೊಸ ರೂಪ ಎರಡೂ ಅದರಲ್ಲಿ ಸಿಗುತ್ತವೆ. ಯಾರೂ ಬದಲಿಸಿರದಿದ್ದರೆ ಆ ಕಡತಗಳು 30 ದಿನ ಉಳಿದು ಆಮೇಲೆ ಅಳಿಯುತ್ತವೆ. ನಿಮಗೆ ಆಗಲೇ ಹತ್ತು ದಿನ ಕಳೆದಿವೆ. ಕಂಪನಿಯ ಎಂಜಿನಿಯರ್‌ಗೆ ಇವತ್ತೇ ಫೋನ್ ಮಾಡಿ, ದಿನಾಂಕ ಮತ್ತು ಸುಮಾರು ಸಮಯ ಹೇಳಿ, ಬೈನರಿ ಲಾಗ್‌ನಿಂದ ಆ ಸದಸ್ಯರ ಸಾಲಿನ ಹಳೆಯ ಮೌಲ್ಯ ತೆಗೆಯಲು ಕೇಳಿ. ನಿಮ್ಮದು ಹಳೆಯ ಆವೃತ್ತಿಯಾಗಿ ಲಾಗ್ ಇಲ್ಲದಿದ್ದರೆ, ತಪ್ಪಾದ ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಹೋಲಿಸಬೇಕು. ಕಾರ್ಯದರ್ಶಿಗಳಿಗೂ ಹೇಳಿ, ಪುಸ್ತಕದಲ್ಲೂ ಬರೆದಿಡಿ. ಲೆಕ್ಕ ಪರಿಶೋಧಕರು ಕೇಳಿದಾಗ ಆ ಬರಹವೇ ನಿಮ್ಮನ್ನು ಕಾಯುವುದು.

ಸೇವ್ ಒತ್ತದಿದ್ದರೂ ಹೇಗೆ ಬದಲಾಯಿತು ಎಂದು ಕೇಳಿದ್ದೀರಿ. ಎಕ್ಸೆಲ್‌ನಲ್ಲಿ ಪಳಗಿದ ಎಲ್ಲರೂ ಬೀಳುವ ಹಳ್ಳ ಇದು. ಎಕ್ಸೆಲ್‌ನಲ್ಲಿ ನೀವು ಸೇವ್ ಮಾಡುವ ತನಕ ಕಡತಕ್ಕೆ ಏನೂ ಆಗುವುದಿಲ್ಲ. ಆಕ್ಸೆಸ್ ನೋಡಲು ಅದರಂತೆಯೇ ಇದ್ದರೂ ನಡೆ ಬೇರೆ: ಕರ್ಸರ್ ಆ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋದ ಕ್ಷಣವೇ ಬದಲಾವಣೆ ಡೇಟಾಬೇಸಿಗೆ ಸೇರುತ್ತದೆ. ಸಾಲಿನ ಎಡಬದಿಯಲ್ಲಿ ಪುಟ್ಟ ಪೆನ್ಸಿಲ್ ಚಿತ್ರ ಮೂಡಿದ್ದರೆ ಇನ್ನೂ ಸೇರಿಲ್ಲ ಎಂದರ್ಥ, ಆಗ ಎಸ್ಕೇಪ್ ಕೀಲಿ ಒತ್ತಿದರೆ ಹಳೆಯದು ಮರಳುತ್ತದೆ. ಡೇಟಾಬೇಸ್ ನೋಡುವ ಇಂಥ ಬೇರೆ ಟೂಲ್‌ಗಳೂ ಇವೆ. ಹೈಡಿಎಸ್‌ಕ್ಯೂಎಲ್ ಕೂಡ ಸಾಲು ಬಿಟ್ಟೊಡನೆ ಬರೆಯುತ್ತದೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಚೌಕದ ಮೇಲೆ ಎರಡು ಸಲ ಒತ್ತಿ ತಿದ್ದಿ ಹೊರಗೆ ಬಂದರೆ ಮುಗಿಯಿತು. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್ ಹಾಗಲ್ಲ. ‘ಅಪ್ಲೈ’ ಒತ್ತಿದ ಮೇಲೂ, ತಾನು ಓಡಿಸಲಿರುವ ಆದೇಶವನ್ನು ಮೊದಲು ತೋರಿಸಿ ಒಪ್ಪಿಗೆ ಕೇಳುತ್ತದೆ. ಡಿಬೀವರ್ ತಿದ್ದಿದ ಚೌಕಕ್ಕೆ ಬಣ್ಣ ಹಚ್ಚಿ, ನೀವು ಸೇವ್ ಎನ್ನುವವರೆಗೂ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ. ಎಲ್ಲವೂ ಚೌಕಳಿಯ ಹಾಳೆಯ ಹಾಗೇ ಕಾಣುತ್ತವೆ, ಒಂದೊಂದರ ಕೈ ಒಂದೊಂದು ತರ. ಹೊಸ ಟೂಲ್ ಹಿಡಿದವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಕಪ್ಪು ಪರದೆಯೇ ಬಲ್ಲವರದೇ?

ಎಂಜಿನಿಯರ್ ಹೇಳಿದ್ದರಲ್ಲಿ ಕಾಳಜಿಯಿದೆ, ಕಾರಣ ಮಾತ್ರ ತಪ್ಪು. ಚಿತ್ರದಲ್ಲಿ ಪ್ರಶ್ನೆ ಕಟ್ಟುವುದು ಟೈಪ್ ಮಾಡಲು ಬಾರದವರಿಗಾಗಿ ಆಮೇಲೆ ಹುಟ್ಟಿದ ಆಟಿಕೆಯಲ್ಲ. ಸಂಶೋಧಕ ಟೆಡ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯ (ಮಾಹಿತಿಯನ್ನು ಒಂದಕ್ಕೊಂದು ಜೋಡಿಸಬಲ್ಲ ಟೇಬಲ್‌ಗಳಲ್ಲಿ ಇಡುವ ಕ್ರಮ) ಲೇಖನ ಬರೆದ ಮೇಲೆ, ಐಬಿಎಂ ಸಂಸ್ಥೆಯೊಳಗೇ ಎರಡು ದಾರಿಗಳು ಹೆಚ್ಚುಕಡಿಮೆ ಒಟ್ಟಿಗೆ ಹುಟ್ಟಿದವು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇಂಗ್ಲಿಷ್ ವಾಕ್ಯದಂಥ ಭಾಷೆಯೊಂದನ್ನು ಮುಂದಿಟ್ಟರು. ಅದೇ ಇವತ್ತಿನ ಎಸ್‌ಕ್ಯೂಎಲ್. ಮೋಶೆ ಝ್ಲೂಫ್ 1975ರಲ್ಲಿ ಇನ್ನೊಂದು ದಾರಿ ತೋರಿಸಿದರು: ಖಾಲಿ ಟೇಬಲ್ಲಿನ ಚೌಕಟ್ಟನ್ನು ಪರದೆಯ ಮೇಲೆ ಇಡಿ, ನಿಮಗೆ ಎಂಥ ಸಾಲು ಬೇಕೋ ಅದರ ಮಾದರಿಯನ್ನು ಆ ಚೌಕಗಳಲ್ಲಿ ತುಂಬಿ, ಉಳಿದದ್ದನ್ನು ಯಂತ್ರ ಹುಡುಕಲಿ. ‘ಕ್ವೆರಿ ಬೈ ಎಕ್ಸಾಂಪಲ್’, ಅಂದರೆ ಮಾದರಿ ತೋರಿಸಿ ಕೇಳುವ ಪ್ರಶ್ನೆ (ಕ್ವೆರಿ), ಎಂದು ಅದರ ಹೆಸರು. 1992ರಲ್ಲಿ ಬಂದ ಆಕ್ಸೆಸ್‌ನಲ್ಲಿ, ಮೇಲೆ ಟೇಬಲ್‌ಗಳ ಪೆಟ್ಟಿಗೆ, ಕೆಳಗೆ ಷರತ್ತು ತುಂಬುವ ಚೌಕಗಳು ಇವೆಯಲ್ಲ, ಅದು ಝ್ಲೂಫ್ ಕೊಟ್ಟ ವಿಚಾರದ ಮೊಮ್ಮಗು. ನೀವು ಬಳಸುತ್ತಿರುವ ಕ್ರಮಕ್ಕೆ ಎಸ್‌ಕ್ಯೂಎಲ್‌ನಷ್ಟೇ ವಯಸ್ಸು, ಅಷ್ಟೇ ಮರ್ಯಾದೆ ಇದೆ.

ಕಪ್ಪು ಪರದೆ ಸುರಕ್ಷಿತ ಎಂಬುದೂ ನಿಜವಲ್ಲ. ಮೈಎಸ್‌ಕ್ಯೂಎಲ್‌ನ ಕಪ್ಪು ಪರದೆಯ ಪ್ರೋಗ್ರಾಮಿನಲ್ಲೇ ‘ಸೇಫ್ ಅಪ್‌ಡೇಟ್ಸ್’ ಎಂಬ ರಕ್ಷಣೆ ಇದೆ. ಸಾಲನ್ನು ಗುರುತಿಸಲು ಬಳಸುವ ಕೀ ಕಾಲಂ ಮೇಲೆ ಷರತ್ತೂ ಇಲ್ಲದೆ, ಇಷ್ಟೇ ಸಾಲು ಎಂಬ ಮಿತಿಯೂ ಇಲ್ಲದೆ ತಿದ್ದಲು, ಅಳಿಸಲು ಹೋದರೆ ಅದು ತಡೆಯುತ್ತದೆ. ಆದರೆ ಅಲ್ಲಿ ಅದನ್ನು ನಾವೇ ಕೇಳಿ ಹಾಕಿಕೊಳ್ಳಬೇಕು. ಚಿತ್ರದ ಕಿಟಕಿಯಿರುವ ವರ್ಕ್‌ಬೆಂಚ್‌ನಲ್ಲಿ ಅದೇ ರಕ್ಷಣೆ ಮೊದಲಿನಿಂದಲೇ ಚಾಲೂ ಇರುತ್ತದೆ, ತಡೆದಾಗ 1175 ಎಂಬ ಸಂಖ್ಯೆಯ ದೋಷ ತೋರಿಸುತ್ತದೆ. ಈ ಒಂದು ವಿಷಯದಲ್ಲಿ ಕಿಟಕಿಯೇ ಹೆಚ್ಚು ಜಾಗ್ರತೆಯದು.

ಕಿಟಕಿಗೇ ವಿಶೇಷವಾದ ಅಪಾಯ ಒಂದಿದೆ, ಅದನ್ನು ನಾನೇ ಉಂಡಿದ್ದೇನೆ. ವರ್ಷಗಳ ಹಿಂದೆ ಒಂದು ಸಂಸ್ಥೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಾಗ, ಒಬ್ಬ ಗ್ರಾಹಕರ ವಿಳಾಸ ತಿದ್ದುವ ನಾಲ್ಕು ಸಾಲಿನ ಆದೇಶ ಬರೆದೆ. ಓಡಿಸುವಾಗ ಮೌಸ್‌ನಿಂದ ಮೇಲಿನ ಮೂರು ಸಾಲಷ್ಟೇ ಬಣ್ಣ ಹಚ್ಚಿಕೊಂಡಿದ್ದವು. ಇಂಥ ಟೂಲ್‌ಗಳಲ್ಲಿ ಬಹುತೇಕ ಎಲ್ಲವೂ ಬಣ್ಣ ಹಚ್ಚಿದ ಭಾಗವನ್ನು ಮಾತ್ರ ಓಡಿಸುತ್ತವೆ. ಯಾವ ಗ್ರಾಹಕ ಎಂದು ಹೇಳುವ ‘ವೇರ್’ ಇದ್ದದ್ದು ನಾಲ್ಕನೇ ಸಾಲಿನಲ್ಲಿ. ಒಂದೇ ಕ್ಷಣದಲ್ಲಿ ಎಲ್ಲ ಗ್ರಾಹಕರೂ ಒಂದೇ ಮನೆಯಲ್ಲಿ ವಾಸವಾದರು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಆದರೆ ಆ ಇಡೀ ದಿನದ ನಮೂದುಗಳನ್ನು ನಾಲ್ವರು ಹುಡುಗಿಯರು ಚೀಟಿ ನೋಡಿಕೊಂಡು ರಾತ್ರಿ ಹತ್ತರವರೆಗೆ ಮತ್ತೆ ಟೈಪ್ ಮಾಡಿದರು. ಅವರ ಮುಖ ಇವತ್ತಿಗೂ ನನಗೆ ಮರೆತಿಲ್ಲ. ಆ ದಿನದಿಂದ ನಾನು, ತಿದ್ದುವ ಯಾವುದೇ ಆದೇಶಕ್ಕೆ ಮೊದಲು ಅದೇ ಷರತ್ತಿನಲ್ಲಿ ‘ಸೆಲೆಕ್ಟ್’ ಮಾಡಿ, ಅಂದರೆ ಸಾಲುಗಳನ್ನು ಬರೀ ಓದಿ, ಎಷ್ಟು ಸಾಲು ಬರುತ್ತವೆ ಎಂದು ಎಣಿಸದೆ ಮುಂದೆ ಹೋದದ್ದಿಲ್ಲ.

ಬಾಗಿಲಲ್ಲ, ಬೀಗದ ಕೈ

ನನ್ನ ಕಥೆಯಲ್ಲಿ ತಪ್ಪು ಟೂಲ್‌ನದಲ್ಲ. ಆ ಕೆಲಸಕ್ಕೆ ಬೇಡದಷ್ಟು ಅಧಿಕಾರ ನನ್ನ ಕೈಯಲ್ಲಿತ್ತು, ತಪ್ಪು ಅಲ್ಲಿತ್ತು. ನಿಮ್ಮ ಕೈಗೂ ಈಗ ಅದೇ ಬಂದಿದೆ. ರೂಟ್ ಎಂದರೆ ಸಂಘದ ತಿಜೋರಿಯ ಕೈ, ಕಾರ್ಯದರ್ಶಿಯ ಸಹಿ, ಅಧ್ಯಕ್ಷರ ಮೊಹರು ಮೂರೂ ಒಂದೇ ಗೊಂಚಲಲ್ಲಿ. ವರದಿ ತೆಗೆಯಲು ಇದರಲ್ಲಿ ಯಾವುದೂ ಬೇಕಿಲ್ಲ.

ಬೇಕಾದದ್ದು ಓದಲು ಮಾತ್ರ ಅನುಮತಿ ಇರುವ ಪ್ರತ್ಯೇಕ ಖಾತೆ. ಮೈಎಸ್‌ಕ್ಯೂಎಲ್‌ನಲ್ಲಿ ಅದಕ್ಕೆ ಎರಡು ಸಾಲಿನ ಆದೇಶ ಸಾಕು: ಹೊಸ ಬಳಕೆದಾರರನ್ನು ಸೃಷ್ಟಿಸುವುದು ಒಂದು, ಸಂಘದ ಡೇಟಾಬೇಸಿನ ಮೇಲೆ ‘ಸೆಲೆಕ್ಟ್’ ಅಧಿಕಾರ ಕೊಡುವುದು ಇನ್ನೊಂದು. ಎಂಜಿನಿಯರ್‌ಗೆ ಐದು ನಿಮಿಷದ ಕೆಲಸ. ಆಮೇಲೆ ನೀವು ಆಕ್ಸೆಸ್‌ನಲ್ಲಿ ಯಾವ ಚೌಕವನ್ನು ಹೇಗೆ ಒತ್ತಿದರೂ, ಬೇಕೆಂದೇ ಅಳಿಸಲು ಹೋದರೂ, ಸರ್ವರ್ ಬಾಗಿಲಲ್ಲೇ ಆಗದು ಎನ್ನುತ್ತದೆ. ಡಿಬೀವರ್‌ನಂಥ ಟೂಲ್‌ಗಳಲ್ಲೂ ‘ಓದಲು ಮಾತ್ರ’ ಎಂಬ ಗುರುತು ಹಾಕುವ ಸೌಲಭ್ಯವಿದೆ. ಅದನ್ನೂ ಹಾಕಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಆ ಗುರುತನ್ನು ನಿಮ್ಮ ಕಂಪ್ಯೂಟರಿನಲ್ಲಿ ಕೂತ ಯಾರು ಬೇಕಾದರೂ ತೆಗೆಯಬಹುದು. ಸರ್ವರ್ ಹಾಕಿದ ಬೀಗವನ್ನು ತೆಗೆಯಲಾಗದು.

ರೂಟ್ ಪಾಸ್‌ವರ್ಡನ್ನು ಬದಲಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಲು ಕಾರ್ಯದರ್ಶಿಗಳಿಗೆ ಹೇಳಿ. ನಿಮ್ಮ ಮೇಲೆ ಅನುಮಾನದಿಂದ ಅಲ್ಲ. ನಾಳೆ ಒಂದು ಅಂಕಿ ತಪ್ಪಾಗಿ ಕಂಡರೆ, ರೂಟ್ ಕೈಯಲ್ಲಿದ್ದವರ ಮೇಲೆ ಮೊದಲು ಬೆರಳು ತೋರುತ್ತದೆ. ಓದುವ ಖಾತೆ ನಿಮ್ಮ ರಕ್ಷಣೆಗೇ ಬೇಕು.

ಒಟ್ಟು ಮೊತ್ತ ಹೆಚ್ಚು ಬಂದ ಕಥೆ

ಇನ್ನು ನಿಮ್ಮ ಅಸಲು ಪ್ರಶ್ನೆ. ಯಾವ ಪಾಸ್‌ವರ್ಡೂ ಕಾಯದ ಜಾಗ ಇದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೂರು ಸಾಲಗಳಿವೆ ಎಂದುಕೊಳ್ಳಿ. 50,000 ರೂಪಾಯಿಯ ಸಾಲಕ್ಕೆ ಇಬ್ಬರು ಜಾಮೀನುದಾರರು. 1,00,000ದ ಸಾಲಕ್ಕೆ ಒಬ್ಬರು. 75,000ದ ಸಾಲಕ್ಕೆ ಮೂವರು. ನಿಜವಾದ ಒಟ್ಟು 2,25,000. ಈಗ ಸಾಲದ ಟೇಬಲ್ಲನ್ನೂ ಜಾಮೀನುದಾರರ ಟೇಬಲ್ಲನ್ನೂ ಎಳೆದು ತಂದು ಸಾಲದ ಸಂಖ್ಯೆಗೆ ಗೆರೆ ಜೋಡಿಸಿದಿರಿ. ಆ ಗೆರೆ ಯಂತ್ರಕ್ಕೆ ಹೇಳುವುದು ಇಷ್ಟು: ಪ್ರತಿ ಸಾಲವನ್ನೂ ಅದರ ಪ್ರತಿ ಜಾಮೀನುದಾರರ ಪಕ್ಕದಲ್ಲಿ ಒಂದೊಂದು ಸಲ ಬರೆ. ಹಾಗಾಗಿ 50,000 ಎರಡು ಸಲ ಬಂತು, 75,000 ಮೂರು ಸಲ ಬಂತು. ಕೂಡಿಸಿದರೆ 4,25,000. ಯಂತ್ರ ತಪ್ಪು ಮಾಡಲಿಲ್ಲ. ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟಿತು. ಗೆರೆ ಎಳೆದಾಗ ಒಂದು ಸಾಲಿನ ಅರ್ಥವೇ ಬದಲಾದದ್ದು ನಮಗೆ ಕಾಣಲಿಲ್ಲ. ಮೊದಲು ಒಂದು ಸಾಲು ಎಂದರೆ ಒಂದು ಸಾಲ. ಆಮೇಲೆ ಒಂದು ಸಾಲು ಎಂದರೆ ಒಂದು ಜಾಮೀನು.

ನಿಮಗೆ ಮೊತ್ತ ಹೆಚ್ಚು ಬಂದು ಗೊತ್ತಾಯಿತು. ಅದು ಅದೃಷ್ಟ. ಇದಕ್ಕಿಂತ ಕೆಟ್ಟದ್ದು ಇದೆ, ನೋಡಿ. ಅದೇ ಪಟ್ಟಿಗೆ 2,00,000 ರೂಪಾಯಿಯ ಒಂದು ಚಿನ್ನದ ಸಾಲ ಸೇರಿಸಿ. ಅದಕ್ಕೆ ಒಡವೆಯೇ ಆಧಾರ, ಜಾಮೀನುದಾರರಿಲ್ಲ. ನಾಲ್ಕೂ ಸಾಲಗಳ ನಿಜವಾದ ಒಟ್ಟು ಈಗ 4,25,000. ಆಕ್ಸೆಸ್ ತಾನಾಗಿ ಎಳೆಯುವ ಗೆರೆ ಎರಡೂ ಕಡೆ ಹೊಂದಿಕೆಯಾದ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಜಾಮೀನುದಾರರಿಲ್ಲದ ಚಿನ್ನದ ಸಾಲ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಉಳಿದ ಮೂರು ಸಾಲಗಳು ಮೊದಲಿನಂತೆಯೇ ಮರುಕಳಿಸಿ ಕೊಡುವ ಒಟ್ಟು? 4,25,000. ಸಾಫ್ಟ್‌ವೇರ್‌ಗೂ ನಿಮ್ಮ ವರದಿಗೂ ಪೈಸೆ ಪೈಸೆ ತಾಳೆ. ಒಳಗೆ ಒಂದು ಸಾಲವೇ ಇಲ್ಲ, ಎರಡು ಸಾಲಗಳು ಉಬ್ಬಿವೆ. ಇದನ್ನು ನಂಬಿ ಸುಸ್ತಿದಾರರ ಪಟ್ಟಿ ಮಾಡಿದರೆ ಯಾರಿಗೋ ಹೋಗಬಾರದ ನೋಟಿಸ್ ಹೋಗುತ್ತದೆ, ಯಾರಿಗೋ ಹೋಗಬೇಕಾದದ್ದು ಹೋಗುವುದಿಲ್ಲ.

ಇಲ್ಲಿ ಕಾಯುವುದು ಮೊತ್ತವಲ್ಲ, ಎಣಿಕೆ. ನಾಲ್ಕು ಸಾಲಗಳ ಟೇಬಲ್ಲಿಗೆ ಇನ್ನೊಂದನ್ನು ಜೋಡಿಸಿದ ಮೇಲೆ ಆರು ಸಾಲುಗಳು ಬಂದಿವೆ. ಮೊತ್ತ ತಾಳೆಯಾದರೂ ಎಣಿಕೆ ಆಗಲಿಲ್ಲ. ಹೊಸ ಟೇಬಲ್ ಎಳೆದು ತರುವ ಮುಂಚೆ ಒಮ್ಮೆ, ತಂದ ಮೇಲೆ ಒಮ್ಮೆ ಸಾಲುಗಳನ್ನು ಎಣಿಸಿ. ಜೊತೆಗೆ ಬೇರೆಬೇರೆ ಸಾಲದ ಸಂಖ್ಯೆಗಳು ಎಷ್ಟಿವೆ ಎಂದೂ ಎಣಿಸಿ. ಇಲ್ಲಿ ಅದು ಮೂರು ಬರುತ್ತದೆ, ಒಂದು ಸಾಲ ಕಾಣೆಯಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಸರಿಪಡಿಸುವುದು ಹೇಗೆ? ಮೊತ್ತ ಬೇಕಾದರೆ ಸಾಲದ ಟೇಬಲ್ಲಿನಿಂದಲೇ ಮೊತ್ತ ತೆಗೆಯಿರಿ, ಜಾಮೀನುದಾರರನ್ನು ಅದರೊಳಗೆ ತರಲೇಬೇಡಿ. ಎರಡೂ ಒಂದೇ ವರದಿಯಲ್ಲಿ ಬೇಕೆಂದರೆ, ಮೊದಲು ಜಾಮೀನುದಾರರನ್ನು ಸಾಲಕ್ಕೆ ಒಂದೇ ಸಾಲು ಬರುವಂತೆ ಒಂದು ಕ್ವೆರಿಯಲ್ಲಿ ಅಡಕ ಮಾಡಿ, ಆ ಕ್ವೆರಿಯನ್ನು ಸಾಲದ ಟೇಬಲ್ಲಿಗೆ ಜೋಡಿಸಿ. ಆಕ್ಸೆಸ್‌ನಲ್ಲಿ ಒಂದು ಕ್ವೆರಿಯ ಮೇಲೆ ಇನ್ನೊಂದನ್ನು ಕಟ್ಟಬಹುದು. ಚಿನ್ನದ ಸಾಲ ಉಳಿಯಬೇಕಾದರೆ ಗೆರೆಯ ಮೇಲೆ ಎರಡು ಸಲ ಒತ್ತಿ. ಮೂರು ಆಯ್ಕೆ ತೆರೆದುಕೊಳ್ಳುತ್ತವೆ. ಅದರಲ್ಲಿ ‘ಸಾಲದ ಟೇಬಲ್ಲಿನ ಎಲ್ಲ ಸಾಲುಗಳು’ ಎಂಬ ಅರ್ಥದ್ದನ್ನು ಆರಿಸಿ. ಮರುಕಳಿಕೆ ಕಂಡೊಡನೆ, ಒಂದೇ ತರದವನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ ‘ಡಿಸ್ಟಿಂಕ್ಟ್’ ಹಾಕಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೊತ್ತದ ಮೇಲೆ ಅದನ್ನು ಹಾಕಿದರೆ, 50,000 ರೂಪಾಯಿಯ ಎರಡು ಬೇರೆ ಬೇರೆ ಸಾಲಗಳೂ ಒಂದೇ ಎಂದು ಎಣಿಸಿಕೊಳ್ಳುತ್ತವೆ.

ಗೆರೆಯ ವಿಷಯದಲ್ಲೇ ಇನ್ನೊಂದು ಮಾತು. ಒಂದೇ ಹೆಸರಿನ ಕಾಲಂ ಎರಡು ಟೇಬಲ್‌ಗಳಲ್ಲೂ ಇದ್ದು, ಒಂದರಲ್ಲಿ ಅದು ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಆಗಿದ್ದರೆ ಆಕ್ಸೆಸ್ ತಾನೇ ಗೆರೆ ಎಳೆದುಬಿಡುತ್ತದೆ. ನಮ್ಮ ಬಹಳ ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ಟೇಬಲ್ಲಿನ ಮೊದಲ ಕಾಲಂಗೂ ‘ಐಡಿ’ ಎಂದೇ ಹೆಸರು. ಸಾಲದ ಐಡಿ 17ಕ್ಕೂ ಜಾಮೀನುದಾರರ ಐಡಿ 17ಕ್ಕೂ ಯಾವ ನೆಂಟಸ್ತನವೂ ಇಲ್ಲ, ಆದರೂ ಗೆರೆ ಬಿದ್ದಿರುತ್ತದೆ. ಟೂಲ್ ಎಳೆದ ಗೆರೆಯನ್ನು ಅಳಿಸಿ ನೀವೇ ಎಳೆಯಿರಿ.

ಸದ್ದು ಮಾಡದ ಇನ್ನೆರಡು ತಪ್ಪು

ಮಾರ್ಚ್ 31. ನಿಮಗೆ ಆ ದಿನದ ಬೆಲೆ ನಾನು ಹೇಳಬೇಕಿಲ್ಲ. ಜಮಾ ದಿನಾಂಕದ ಕಾಲಂನಲ್ಲಿ ಗಂಟೆ ನಿಮಿಷವೂ ಸೇರಿದ್ದರೆ, ‘ಮಾರ್ಚ್ 1ರಿಂದ ಮಾರ್ಚ್ 31ರ ನಡುವೆ’ ಎಂಬ ಷರತ್ತು ಮಾರ್ಚ್ 31ರ ಮಧ್ಯರಾತ್ರಿ ಸೊನ್ನೆ ಗಂಟೆಗೇ ನಿಂತುಹೋಗುತ್ತದೆ. ವರ್ಷದ ಕೊನೆಯ ದಿನ ಕಟ್ಟಿದವರು ಯಾರೂ ವರದಿಯಲ್ಲಿ ಬರುವುದಿಲ್ಲ. ಮಾರ್ಚ್ 1 ಅಥವಾ ಅದರ ನಂತರ, ಏಪ್ರಿಲ್ 1ಕ್ಕಿಂತ ಮೊದಲು ಎಂದು ಬರೆಯಿರಿ.

ಇನ್ನೊಂದು, ಪರದೆಯಲ್ಲಿ ಕಂಡಷ್ಟೇ ಎಲ್ಲವೂ ಎಂಬ ನಂಬಿಕೆ. ಡಿಬೀವರ್ ಮೊದಲು 200 ಸಾಲು ಮಾತ್ರ ತರುತ್ತದೆ. ವರ್ಕ್‌ಬೆಂಚ್ 1000ಕ್ಕೆ ನಿಲ್ಲಿಸುತ್ತದೆ. ಸರ್ವರ್‌ಗೆ ಹೊರೆಯಾಗದಿರಲಿ ಎಂಬ ಒಳ್ಳೆಯ ಉದ್ದೇಶ ಅದು. ಆದರೆ ಪರದೆಯಿಂದ ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿ ಕೂಡಿಸಿದವರು ಎಷ್ಟೋ ಜನ. ಎಕ್ಸೆಲ್ ತಲುಪಿದ ಮೇಲೂ ತೊಂದರೆಗಳಿವೆ: ಅದು 15 ಅಂಕಿಯವರೆಗೆ ಮಾತ್ರ ಸಂಖ್ಯೆಯನ್ನು ನಿಖರವಾಗಿ ಹಿಡಿಯುತ್ತದೆ, 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮುಂದಿನ ಸೊನ್ನೆಗಳು ಉದುರುತ್ತವೆ. ಖಾತೆ ಸಂಖ್ಯೆಯ ಕಾಲಂ ಅನ್ನು ಪಠ್ಯ ಎಂದು ಗುರುತಿಸಿಯೇ ಆಮದು ಮಾಡಿ. ಹಳೆಯ ಮಾದರಿಯ ಎಕ್ಸೆಲ್ ಕಡತ 65,536 ಸಾಲಿಗೆ ಮುಗಿಯುತ್ತದೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಈ ಹಳೆಯ ಮಾದರಿಯಿಂದಲೇ 15,841 ಕೋವಿಡ್ ಪ್ರಕರಣಗಳನ್ನು ದೈನಂದಿನ ಲೆಕ್ಕದಿಂದ ಕಳೆದುಕೊಂಡಿತ್ತು. ಎರಡು ಸಾವಿರ ಪಿಗ್ಮಿ ಖಾತೆಗಳಿಗೆ ವರ್ಷಕ್ಕೆ ಮುನ್ನೂರು ದಿನದ ಜಮಾ ಎಂದರೆ ಆರು ಲಕ್ಷ ಸಾಲು. ಆರು ಶಾಖೆಯ ಸಂಘಕ್ಕೂ ಈ ಮಿತಿಗಳು ದೂರವಿಲ್ಲ.

ಹೆಸರುಗಳು ಪ್ರಶ್ನಾರ್ಥಕವಾದದ್ದು

ಇದರಲ್ಲಿ ನಿಮಗೆ ಸಮಾಧಾನದ ಸುದ್ದಿ ಇರುವ ಸಾಧ್ಯತೆ ಹೆಚ್ಚು. ಆಕ್ಸೆಸ್‌ಗೂ ಮೈಎಸ್‌ಕ್ಯೂಎಲ್‌ಗೂ ನಡುವೆ ಓಡಿಬಿಸಿ ಎಂಬ ಚಾಲಕ ಪ್ರೋಗ್ರಾಂ ಇರುತ್ತದೆ. ಅದು ಎರಡು ರೂಪದಲ್ಲಿ ಬರುತ್ತದೆ: ಒಂದು ಹಳೆಯ ಆನ್ಸಿ, ಇನ್ನೊಂದು ಕನ್ನಡವೂ ಸೇರಿ ಹಲವು ಲಿಪಿಗಳನ್ನು ಬಲ್ಲ ಯೂನಿಕೋಡ್. ಪಟ್ಟಿಯಲ್ಲಿ ಆನ್ಸಿ ಮೇಲೆ ಇರುವುದರಿಂದ ಅವಸರದಲ್ಲಿ ಅದನ್ನೇ ಒತ್ತುವುದುಂಟು. ಆನ್ಸಿ ಚಾಲಕಕ್ಕೆ ಕನ್ನಡ ಗೊತ್ತಿಲ್ಲ, ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೊಡುತ್ತದೆ. ಸಾಫ್ಟ್‌ವೇರ್‌ನಲ್ಲಿ ಹೆಸರುಗಳು ಸರಿಯಾಗಿ ಕಾಣುತ್ತಿದ್ದರೆ ಒಳಗೆ ಎಲ್ಲವೂ ಕ್ಷೇಮ, ಯೂನಿಕೋಡ್ ಚಾಲಕಕ್ಕೆ ಬದಲಿಸಿದರೆ ಸಾಕು. ಅಲ್ಲಿಯವರೆಗೆ ಆ ಕಾಲಂ ಮುಟ್ಟಬೇಡಿ. ಆನ್ಸಿ ಚಾಲಕದ ಮೂಲಕ ಟೈಪ್ ಮಾಡಿದ ಕನ್ನಡ ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಒಳಗೆ ಹೋಗಿ ಕೂರುತ್ತದೆ. ಹಾಗೆ ಕೂತದ್ದಕ್ಕೆ ಮರಳುವ ದಾರಿಯಿಲ್ಲ.

ಖಚಿತ ಮಾಡಿಕೊಳ್ಳಬೇಕಾದರೆ ಎಂಜಿನಿಯರ್‌ಗೆ ಆ ಕಾಲಂ ಮೇಲೆ, ಒಳಗಿರುವ ಸಂಕೇತಗಳನ್ನೇ ತೋರಿಸುವ ‘ಹೆಕ್ಸ್’ ಫಂಕ್ಷನ್ ಓಡಿಸಲು ಹೇಳಿ. 3ಎಫ್, 3ಎಫ್ ಎಂದು ಸಾಲಾಗಿ ಬಂದರೆ ಒಳಗೆ ನಿಜಕ್ಕೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ, ಅಕ್ಷರ ಹೋಯಿತು. ಇ0ಬಿ2, ಇ0ಬಿ3 ಎಂದು ಬಂದರೆ ಕನ್ನಡ ಹಾಗೇ ಇದೆ, ಏಕೆಂದರೆ ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತವೂ ಈ ಎರಡರಲ್ಲೊಂದರಿಂದ ಶುರುವಾಗುತ್ತದೆ. ಕೆಲವೊಮ್ಮೆ ಪ್ರಶ್ನಾರ್ಥಕದ ಬದಲು, ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2 ಅಥವಾ 3 ಹೀಗೆ ವಿಚಿತ್ರ ಸರಣಿ ಕಾಣುತ್ತದೆ. ಅವೇ ಬೈಟುಗಳನ್ನು ಬೇರೆ ಲಿಪಿಯೆಂದು ಓದಿದಾಗ ಕಾಣುವ ರೂಪ ಅದು. ಅದನ್ನು ಸಾಮಾನ್ಯವಾಗಿ ಸರಿಪಡಿಸಬಹುದು. ನಿಮ್ಮ ಸಂಘದ ಹಳೆಯ ಕಡತಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ತುಂಬಿದವಾದರೆ ಕಥೆ ಇನ್ನೂ ಬೇರೆ. ಅಲ್ಲಿ ‘ಕನ್ನಡ’ ಎಂಬ ಪದವೇ ಪೌಂಡ್ ಗುರುತು, ಇಂಗ್ಲಿಷ್ ಅಕ್ಷರಗಳ ಗುಂಪಾಗಿ ಕಾಣುತ್ತದೆ. ಆ ಫಾಂಟ್ ಹಾಕಿದರೆ ಮಾತ್ರ ಕನ್ನಡ. ಅದನ್ನು ಯೂನಿಕೋಡ್‌ಗೆ ಒಮ್ಮೆ ಪರಿವರ್ತಿಸಲೇಬೇಕು, ಇಲ್ಲದಿದ್ದರೆ ಹೆಸರಿನ ಮೇಲೆ ಹುಡುಕುವುದಾಗಲಿ ಅಕಾರಾದಿ ಜೋಡಿಸುವುದಾಗಲಿ ಎಂದಿಗೂ ಸರಿಬಾರದು.

ಮುಂದಿನ ದಾರಿಗಳು

ಆಕ್ಸೆಸ್‌ನಲ್ಲೇ ಇರಬಹುದು. ಕೈಗೆ ಹತ್ತಿದೆ, ಚಿತ್ರದಲ್ಲಿ ಕಟ್ಟುವ ಸೌಲಭ್ಯ ಒಳ್ಳೆಯದಿದೆ. ಓದುವ ಖಾತೆ, ಯೂನಿಕೋಡ್ ಚಾಲಕ ಎರಡೂ ಆದರೆ ನನ್ನ ಅಭ್ಯಂತರವಿಲ್ಲ. ಡಿಬೀವರ್‌ನ ಉಚಿತ ಆವೃತ್ತಿ ಟೇಬಲ್ ನೋಡಲು, ಟೇಬಲ್‌ಗಳ ಸಂಬಂಧದ ಚಿತ್ರ ನೋಡಲು ಬಹಳ ಒಳ್ಳೆಯದು. ಆದರೆ ಎಳೆದು ಬಿಟ್ಟು ಕ್ವೆರಿ ಕಟ್ಟುವ ಸೌಲಭ್ಯ ಅದರ ಹಣ ಕೊಡುವ ಆವೃತ್ತಿಯಲ್ಲಿ ಮಾತ್ರ. ಪ್ರತಿ ಶಾಖೆಯವರೂ ತಮ್ಮ ವರದಿ ತಾವೇ ನೋಡುವಂತಾಗಬೇಕಾದರೆ ಮೆಟಾಬೇಸ್ ಯೋಚಿಸಿ. ಮುಕ್ತ ತಂತ್ರಾಂಶ, ಬ್ರೌಸರ್‌ನಲ್ಲಿ ತೆರೆಯುತ್ತದೆ, ಪ್ರಶ್ನೆಯನ್ನು ಆಯ್ಕೆಗಳಿಂದ ಕಟ್ಟಬಹುದು. ಅದನ್ನು ಹಾಕಿ ನೋಡಿಕೊಳ್ಳಲು ಒಬ್ಬ ತಿಳಿದವರು ಬೇಕು, ಅದೇ ಅದರ ಖರ್ಚು. ಯಾವುದನ್ನೇ ಹಾಕಿದರೂ ಇಂಟರ್ನೆಟ್‌ಗೆ ನೇರ ತೆರೆದಿಡಬೇಡಿ, ಸಂಘದ ಒಳಜಾಲದಲ್ಲೇ ಇರಲಿ. ಸದಸ್ಯರ ಆಧಾರ್, ಮೊಬೈಲ್ ಸಂಖ್ಯೆ ಇರುವ ಎಕ್ಸೆಲ್ ಕಡತ ವಾಟ್ಸ್ಆ್ಯಪ್ ಗುಂಪಿಗೆ ಹೋಗದಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಹೊಣೆ ಒಂದು ಕಡೆ, ಆ ಸದಸ್ಯರು ನಿಮ್ಮ ಮೇಲಿಟ್ಟ ನಂಬಿಕೆ ಇನ್ನೊಂದು ಕಡೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಬೇರೆಯದು. ಪ್ರತಿ ರಾತ್ರಿಯ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ಪುನಃ ತೆರೆದಿಟ್ಟು, ನಿಮ್ಮ ವರದಿಗಳೆಲ್ಲ ಆ ನಕಲಿನ ಮೇಲೆ ನಡೆಯಲಿ. ಅಂಕಿಗಳು ಒಂದು ದಿನ ಹಳೆಯವು, ನಿಜ. ಸಾಲದ ವರದಿಗೆ ಅದು ಸಾಕು. ಆರು ಲಕ್ಷ ಪಿಗ್ಮಿ ಸಾಲುಗಳ ಮೇಲೆ ನೀವು ಭಾರವಾದ ಕ್ವೆರಿ ಓಡಿಸಿದಾಗ ಕೌಂಟರಿನಲ್ಲಿ ಹಣ ಕಟ್ಟಲು ನಿಂತವರು ಕಾಯಬೇಕಾಗುವುದಿಲ್ಲ. ಓದುವ ಖಾತೆಯೂ ತಡೆಯಲಾಗದ ತೊಂದರೆ ಅದು. ಜೊತೆಗೆ ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂಬುದು ದಿನಾ ಪರೀಕ್ಷೆಯಾಗುತ್ತದೆ. ತೆರೆದು ನೋಡದ ಬ್ಯಾಕಪ್ ನಂಬಿ ಕಷ್ಟಕ್ಕೆ ಸಿಲುಕಿದ ಕಚೇರಿಗಳನ್ನು ನಾನು ಕಂಡಿದ್ದೇನೆ.

ಎಸ್‌ಕ್ಯೂಎಲ್ ಕಲಿಯಬೇಕೇ? ಅಣ್ಣನ ಮಗ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಬರೆಯಲು ಕಲಿಯದಿದ್ದರೂ ನಡೆದೀತು, ಓದಲು ಕಲಿಯದೆ ನಡೆಯದು. ನೀವು ಎಳೆಯುವ ಪ್ರತಿ ಗೆರೆಯನ್ನೂ ಟೂಲ್ ಕೊನೆಗೆ ಎಸ್‌ಕ್ಯೂಎಲ್‌ಗೇ ತಿರುಗಿಸುತ್ತದೆ. ಆಕ್ಸೆಸ್‌ನಲ್ಲಿ ‘ಎಸ್‌ಕ್ಯೂಎಲ್ ವ್ಯೂ’ ಒತ್ತಿದರೆ ಅದು ಕಾಣುತ್ತದೆ. ಪ್ರತಿ ಕ್ವೆರಿ ಮುಗಿದ ಮೇಲೆ ಅದನ್ನು ತೆರೆದು ಓದಿ. ಲೆಕ್ಕ ಕಲಿತವರಿಗೆ ಇದು ಹೊಸ ಲೋಕವಲ್ಲ. ‘ಫ್ರಮ್’ ಎಂದರೆ ಯಾವ ಪುಸ್ತಕ, ‘ವೇರ್’ ಎಂದರೆ ಯಾವ ನಮೂದುಗಳು. ಕಿರ್ದಿಯ ನಮೂದುಗಳನ್ನು ಖಾತೆವಾರು ಏರಿಸಿ ಮೊತ್ತ ಹಾಕುತ್ತೀರಲ್ಲ, ‘ಗ್ರೂಪ್ ಬೈ’ ಮಾಡುವುದು ಅದನ್ನೇ. ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಹಾಗೂ ಅದರ ಡಿಬಿ ಬ್ರೌಸರ್ ಸಾಕು, ಎರಡೂ ಉಚಿತ. ಮನೆಯ ಖರ್ಚಿನ ಲೆಕ್ಕವನ್ನೇ ಹಾಕಿ ಆಡಿ, ಕೆಟ್ಟರೆ ಯಾರಿಗೂ ನಷ್ಟವಿಲ್ಲ. ಈಗ ಎಐ ಟೂಲ್‌ಗಳಿಗೆ ಕನ್ನಡದಲ್ಲೇ ಕೇಳಿದರೂ ಎಸ್‌ಕ್ಯೂಎಲ್ ಬರೆದುಕೊಡುತ್ತವೆ. ಬಳಸಬಹುದು, ಆದರೆ ನಿಮ್ಮಲ್ಲಿ ಒಂದು ಸಾಲಕ್ಕೆ ಮೂವರು ಜಾಮೀನುದಾರರು ಇರಬಹುದೆಂದು ನೀವು ಹೇಳದೆ ಅದಕ್ಕೆ ತಿಳಿಯದು. ಸದಸ್ಯರ ನಿಜವಾದ ಮಾಹಿತಿಯನ್ನಂತೂ ಅದರಲ್ಲಿ ಹಾಕಬಾರದು.

ನಿಂತುಹೋಗಿರುವ ಆ ಸಾಲದ ವರದಿಯನ್ನು ಈ ವಾರ ಹೀಗೆ ಮಾಡಿ ನೋಡಿ. ಆರರಲ್ಲಿ ಅತಿ ಚಿಕ್ಕ ಶಾಖೆ ಆರಿಸಿ. ಅಲ್ಲಿನ ಬಾಕಿ ಸಾಲಗಳು ಎಷ್ಟು, ಮೊತ್ತವೆಷ್ಟು ಎಂದು ಸಾಫ್ಟ್‌ವೇರ್‌ನಿಂದ ಬರೆದುಕೊಳ್ಳಿ. ಅವೆರಡನ್ನೂ ನಿಮ್ಮ ಕ್ವೆರಿಯಿಂದ ತೆಗೆಯಿರಿ. ಆಮೇಲೆ ಕಪಾಟಿನಿಂದ ಹತ್ತು ಸಾಲದ ಕಾಗದದ ಕಡತಗಳನ್ನು ಇಳಿಸಿ, ಅದರಲ್ಲಿ ಎರಡಾದರೂ ಚಿನ್ನದ ಸಾಲವಿರಲಿ, ಎರಡಾದರೂ ಒಬ್ಬರಿಗಿಂತ ಹೆಚ್ಚು ಜಾಮೀನುದಾರರಿರುವವು ಇರಲಿ. ಆ ಹತ್ತೂ ನಿಮ್ಮ ಪಟ್ಟಿಯಲ್ಲಿ ಒಂದೊಂದೇ ಸಲ, ಸರಿಯಾದ ಮೊತ್ತದಲ್ಲಿ ಇವೆಯೇ ನೋಡಿ. ಇದ್ದರೆ ಅದೇ ಕ್ವೆರಿಯನ್ನು ಉಳಿದ ಐದು ಶಾಖೆಗೆ ಓಡಿಸಿ ಆಡಳಿತ ಮಂಡಳಿಯ ಮುಂದೆ ಇಡಬಹುದು.